ಹೆದ್ದಾರಿ ತಪ್ಪಿದ ಪಟ್ಟಣಗಳಿಗೆ ಕ್ಯಾರವಾನ್ ಕೊಳಾಯಿಯ ಕಸುಬು

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಲೋಕಾರ್ಪಣೆಗೊಂಡಿತು. ಪ್ರಯಾಣದ ಅವಧಿ ತಗ್ಗಿತು. ಆದರೆ ವಾಹನಗಳು ಬೈಪಾಸ್ ಹಿಡಿದುದರಿಂದ ಮದ್ದೂರು, ಮಂಡ್ಯಗಳ ಹಳೆಯ ರಸ್ತೆಯ ಹೋಟೆಲು, ಗ್ಯಾರೇಜುಗಳ ವಹಿವಾಟಿಗೆ ಪೆಟ್ಟು ಬಿದ್ದಿತು. ವಡೆಯ ರುಚಿಯೊಂದೇ ಹೋದ ಗಿರಾಕಿಯನ್ನು ಮರಳಿ ತರಲಾರದು. ವಾಹನವು ಪಟ್ಟಣದೊಳಗೆ ಬರಲೇಬೇಕಾದ ಕಾರಣವನ್ನು ವರ್ತಕರೇ ಒದಗಿಸಬೇಕು. ಕ್ಯಾರವಾನ್‌ಗಳ ನೀರಿನ ವ್ಯವಸ್ಥೆಯ ದುರಸ್ತಿ ಅಂತಹ ಕಾರಣಗಳಲ್ಲೊಂದು.

ಚಲನಚಿತ್ರ ಚಿತ್ರೀಕರಣದಿಂದ ಪರಿಚಿತವಾದ ಕ್ಯಾರವಾನ್ ಈಗ ಪ್ರವಾಸಿಗರಿಗೂ ಬಾಡಿಗೆಗೆ ದೊರೆಯುತ್ತಿದೆ. ಕೇರಳ ಸರ್ಕಾರವು 2021ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಕೊಳ್ಳುವವರ ಗಮನ ಹಾಸಿಗೆ, ಟಿ.ವಿ.ಗಳ ಮೇಲಿರುತ್ತದೆ, ಪ್ರವಾಸ ಕೆಡುವುದು ಕೊಳಾಯಿಯಿಂದ.

ಮನೆಯ ಕೊಳಾಯಿ ಅಲುಗಾಡುವುದಿಲ್ಲ. ವಾಹನದ್ದು ದಾರಿಯುದ್ದಕ್ಕೂ ಕುಲುಕುತ್ತದೆ. ಅಂಟಿನಿಂದ ಕೂಡಿಸಿದ ಸಿಪಿವಿಸಿ ಪೈಪು ಕೀಲುಗಳಲ್ಲಿ ಬಿರುಕು ಬಿಡಬಹುದು. ಬಾಗುವ ಪೆಕ್ಸ್ ಪೈಪನ್ನು ಲೋಹದ ಉಂಗುರಗಳಿಂದ ಬಿಗಿದು, ಅಲ್ಲಲ್ಲಿ ಕ್ಲಾಂಪಿನಿಂದ ಹಿಡಿಸಿದರೆ ಅದು ಕುಲುಕನ್ನು ತಾಳುತ್ತದೆ. ನಲ್ಲಿಗಳೆಲ್ಲ ಮುಚ್ಚಿದ್ದರೂ 12 ವೋಲ್ಟಿನ ಪಂಪು ಆಗಾಗ ತಾನಾಗಿ ಓಡಿದರೆ, ಸೋರಿಕೆಯಿದೆ ಅಥವಾ ವಾಲ್ವು ಕೆಟ್ಟಿದೆಯೆಂದು ತಿಳಿಯಬೇಕು. ಕೊಳವೆಬಾವಿಯ ಗಡಸು ನೀರು ಗೀಸರಿನಲ್ಲಿ ಸುಣ್ಣ ಕಟ್ಟುತ್ತದೆ. ದೊಡ್ಡ ಟ್ಯಾಂಕೇ ಮೇಲೆಂಬ ಎಣಿಕೆಯೂ ಸರಿಯಲ್ಲ. 100 ಲೀಟರ್ ನೀರೆಂದರೆ ವಾಹನಕ್ಕೆ 100 ಕಿಲೋ ಹೊರೆ.

ಇಂತಹ ವಾಹನಗಳು ಕೆಲವೇ ಇವೆಯೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸಂಚಾರಿ ಅಡುಗೆಮನೆ, ಸಂಚಾರಿ ಶೌಚಾಲಯ, ಚಿತ್ರೀಕರಣದ ವಾಹನಗಳಿಗೂ ಇದೇ ಕೈಚಳಕ ಬೇಕು. ಇರುವ ಗ್ಯಾರೇಜಿನಲ್ಲಿಯೇ ಐಟಿಐ ತರಬೇತಿ ಪಡೆದ ಪ್ಲಂಬರ್ ಒಬ್ಬನನ್ನು ಸೇರಿಸಿಕೊಂಡು, ಉಂಗುರ ಬಿಗಿಯುವ ಉಪಕರಣ, ಬಿಡಿಭಾಗಗಳನ್ನು ಇರಿಸಿಕೊಂಡರೆ ಆರಂಭಕ್ಕೆ ಸಾಕು.

ದುರಸ್ತಿಯಷ್ಟೇ ಮುಖ್ಯವಾದುದು ವಿಸರ್ಜನೆ. ಮದ್ದೂರಿನಿಂದ ಮಳವಳ್ಳಿಯ ಮಾರ್ಗವಾಗಿ ಗಗನಚುಕ್ಕಿಗೆ ಹೊರಟ ಕ್ಯಾರವಾನ್ ತನ್ನ ಬಚ್ಚಲ ನೀರನ್ನೂ ಶೌಚದ ಟ್ಯಾಂಕನ್ನೂ ಎಲ್ಲಿ ಬರಿದು ಮಾಡಬೇಕು? ಗೊತ್ತಾದ ಸ್ಥಳವಿಲ್ಲದಿದ್ದರೆ ಅದು ಶಿಂಷೆಯ ದಡಕ್ಕೋ ವಿಶ್ವೇಶ್ವರಯ್ಯ ನಾಲೆಗೋ ಸೇರುವ ಅಪಾಯವಿದೆ. ಆ ನಾಲೆಯ ನೀರನ್ನು ನೆಚ್ಚಿದ ಕಬ್ಬು, ಭತ್ತದ ರೈತರು ಅಂತಹ ಪ್ರವಾಸೋದ್ಯಮವನ್ನು ಸಹಿಸಬೇಕಾಗಿಲ್ಲ.

ಆದುದರಿಂದ ಮೂರೂ ಪಟ್ಟಣಗಳ ವರ್ತಕರು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ, ಶುದ್ಧ ನೀರು ತುಂಬುವ ನಲ್ಲಿ, ತ್ಯಾಜ್ಯವನ್ನು ಸಂಸ್ಕರಣೆಗೆ ಒಪ್ಪಿಸುವ ಗುಂಡಿ ಹಾಗೂ ದುರಸ್ತಿಯ ಅಂಗಡಿಯನ್ನು ಒಂದೇ ಆವರಣದಲ್ಲಿ ಮೊದಲು ಮದ್ದೂರಿನಲ್ಲಿ ಸ್ಥಾಪಿಸುವುದು ಉಚಿತ. ದುರಸ್ತಿ ಮುಗಿಯುವ ತನಕ ಕಾಯುವ ಪ್ರಯಾಣಿಕನು ಊಟಕ್ಕೂ ವಡೆಗೂ ಪಟ್ಟಣದ ಗಿರಾಕಿಯೇ ಆಗುತ್ತಾನೆ.