ಸೈಕಲ್ ತುಳಿಯುವುದು ಅವಮಾನವೇ?

ಬೇಸಿಗೆ ರಜೆಯಲ್ಲಿ ನಾನು ಇಲವಾಲದಿಂದ ಮೈಸೂರಿನ ಮಂಡಿ ಮೊಹಲ್ಲಾದ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಅಣ್ಣನಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲೇ ನನ್ನ ವಾಹನ. ಗೆಳೆಯರು ನಗುತ್ತಾರೆಂದು ಅದನ್ನು ಅಂಗಡಿಯ ಹಿಂದೆ ಬಚ್ಚಿಡುತ್ತಿದ್ದೆ.

ಒಂದು ಬೆಳಿಗ್ಗೆ ಹಿನಕಲ್ ಜಂಕ್ಷನ್‌ನಲ್ಲಿ ಸುತ್ತ ನೋಡಿದೆ. ಕ್ಯಾರಿಯರ್‌ಗೆ ಬುತ್ತಿ ಕಟ್ಟಿಕೊಂಡ ಗಾರೆ ಕೆಲಸದವರು, ಹಾಲಿನವರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಎಲ್ಲರೂ ಸೈಕಲ್ ಮೇಲೆಯೇ. ಪಕ್ಕದಲ್ಲಿ ನುಗ್ಗುವ ಬಸ್ಸು, ಲಾರಿಗಳಿಗೆ ಹೆದರಿ ನಾವೆಲ್ಲ ರಸ್ತೆಯಂಚಿನ ಮಣ್ಣಿಗೆ ಇಳಿದೆವು.

2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ತಂದ ಊರು ನಮ್ಮದು. ಹೊರವಲಯದಿಂದ ದುಡಿಯಲು ಬರುವವರಿಗೂ ರಸ್ತೆಯಲ್ಲಿ ಒಂದಿಷ್ಟು ಜಾಗ ಬೇಡವೇ? ನಾಚಬೇಕಾದವರು ಸೈಕಲ್ ತುಳಿಯುವವರಲ್ಲ, ಅವರಿಗೆ ದಾರಿ ಬಿಡದವರು.

ಈಗ ನನ್ನ ಸೈಕಲ್ ಕಾಲೇಜಿನ ಗೇಟಿನ ಪಕ್ಕದಲ್ಲೇ ನಿಲ್ಲುತ್ತದೆ.