ಹಳೇ ಟ್ರ್ಯಾಕ್ಟರ್‌ಗೆ ದಪ್ಪ ಆಯಿಲ್ ಮದ್ದಲ್ಲ

ಮುಂಗಾರಿಗೆ ಮುಂಚೆ ಊರೂರಲ್ಲೂ ಟ್ರ್ಯಾಕ್ಟರ್ ಸರ್ವಿಸ್ ಜೋರು. ಹದಿನೈದು ಇಪ್ಪತ್ತು ವರ್ಷದ ಗಾಡಿ ಅಂದ ಕೂಡಲೇ ಗ್ಯಾರೇಜಿನಲ್ಲಿ ಸಿಗೋ ಸಲಹೆ ಒಂದೇ: "ಹಳೇ ಇಂಜಿನ್ನು, ದಪ್ಪ ಆಯಿಲ್ ಹಾಕಿ, ಹೊಗೆ ಕಮ್ಮಿ ಆಗುತ್ತೆ." ಈ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ದಪ್ಪ ಆಯಿಲ್ ರೋಗವನ್ನು ಮುಚ್ಚಿಡುತ್ತೆ ಅಷ್ಟೇ, ವಾಸಿ ಮಾಡೋದಿಲ್ಲ.

ಯಾಕೆ ಅಂತ ನೋಡೋಣ. ಇಂಜಿನ್ ಹೆಚ್ಚು ಸವೆಯೋ ಹೊತ್ತುಗಳಲ್ಲಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡೋ ಹೊತ್ತೂ ಒಂದು. ರಾತ್ರಿಯಿಡೀ ಆಯಿಲ್ ಕೆಳಗಿಳಿದು ಚೇಂಬರ್‌ನಲ್ಲಿ ನಿಂತಿರುತ್ತೆ. ಪಂಪ್ ಅದನ್ನು ಬೇರಿಂಗಿಗೆ, ಮೇಲಿನ ರಾಕರ್‌ವರೆಗೆ ತಲುಪಿಸಬೇಕು. ಆಯಿಲ್ ದಪ್ಪ ಇದ್ದಷ್ಟೂ ಅದು ತಲುಪೋದು ತಡ. ಅಷ್ಟು ಹೊತ್ತು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಸಾಲದ್ದಕ್ಕೆ ದಪ್ಪ ಆಯಿಲನ್ನು ತಿರುಗಿಸೋಕೇ ಇಂಜಿನ್ ಶಕ್ತಿ ಖರ್ಚಾಗಿ ಡೀಸೆಲ್ ಜಾಸ್ತಿ ಕುಡಿಯುತ್ತೆ.

ಡಬ್ಬಿ ಮೇಲಿನ ಎರಡು ಸಾಲು ಓದಿ

ಮೊದಲನೆಯದು ದಪ್ಪದ ಲೆಕ್ಕ: 15ಡಬ್ಲ್ಯೂ-40, 20ಡಬ್ಲ್ಯೂ-40 ಹೀಗೆ. 'ಡಬ್ಲ್ಯೂ' ಜೊತೆಗಿರೋ ಅಂಕಿ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತೆ ಅಂತ ಹೇಳುತ್ತೆ. ಅದು ಕಮ್ಮಿ ಇದ್ದಷ್ಟೂ ಒಳ್ಳೇದು. ಎರಡನೇ ಅಂಕಿ ಇಂಜಿನ್ ಬಿಸಿಯಾದಾಗ ಇರೋ ದಪ್ಪ. ವಿಜಯಪುರದ ಬೇಸಿಗೆ ಇರಲಿ, ಚಿಕ್ಕಮಗಳೂರಿನ ಚಳಿ ಇರಲಿ, ನಮ್ಮ ಹವಾಮಾನಕ್ಕೆ ಈ ಎರಡೂ ಸಾಕು. ಕೈಪಿಡಿ ಎರಡನ್ನೂ ಒಪ್ಪಿದ್ರೆ ನನ್ನ ಓಟು 15ಡಬ್ಲ್ಯೂ-40ಕ್ಕೆ.

ಎರಡನೆಯದು ಗುಣಮಟ್ಟ. ಎಪಿಐ ಅಂತ ಬರೆದ ಮುಂದೆ ಸಿಎಫ್-4, ಸಿಎಚ್-4, ಸಿಐ-4 ಅಂತ ಇರುತ್ತೆ. 'ಸಿ'ಯಿಂದ ಶುರುವಾದ್ರೆ ಡೀಸೆಲ್ ಇಂಜಿನ್‌ದು, 'ಎಸ್'ನಿಂದ ಶುರುವಾದ್ರೆ ಪೆಟ್ರೋಲ್‌ದು. ಬೈಕಿಗೆ ತಂದು ಉಳಿದ ಆಯಿಲನ್ನು ಟ್ರ್ಯಾಕ್ಟರ್‌ಗೆ ಸುರಿಯಬೇಡಿ. ಕೈಪಿಡಿಯಲ್ಲಿ ಸಿಎಫ್-4 ಅಂತಿದ್ದು ಅಂಗಡಿಯಲ್ಲಿ ಸಿಎಚ್-4 ಅಥವಾ ಸಿಐ-4 ಸಿಕ್ಕರೆ ಧೈರ್ಯವಾಗಿ ಹಾಕಬಹುದು. ಅವು ಅದೇ ಸಾಲಿನ ಮುಂದಿನ ದರ್ಜೆಗಳು. ಕೆಳಗಿನ ದರ್ಜೆಗೆ ಮಾತ್ರ ಇಳಿಯಬೇಡಿ. ದುಬಾರಿ ಫುಲ್ ಸಿಂಥೆಟಿಕ್ ಹಳೇ ಟ್ರ್ಯಾಕ್ಟರ್‌ಗೆ ಬೇಕಾಗಿಲ್ಲ. ಆ ದುಡ್ಡಲ್ಲಿ ಒರಿಜಿನಲ್ ಫಿಲ್ಟರ್ ತನ್ನಿ.

"ಹೊಸ ಆಯಿಲ್ ಹಾಕಿ ನಾಲ್ಕೇ ದಿನಕ್ಕೆ ಕಪ್ಪಾಯ್ತು, ಡೂಪ್ಲಿಕೇಟ್ ಇರಬೇಕು" ಅಂತ ಕೆಲವರು ಗಾಬರಿಯಾಗ್ತಾರೆ. ಡೀಸೆಲ್ ಇಂಜಿನ್‌ನಲ್ಲಿ ಇದು ಸಹಜ. ಒಳಗಿನ ಮಸಿಯನ್ನು ಆಯಿಲ್ ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಅಂತ ಅರ್ಥ. ವರ್ಷಗಟ್ಟಲೆ ಆಯಿಲ್ ಬದಲಿಸದೇ ಓಡಿಸಿದ ಗಾಡಿಯಾದ್ರೆ ಮೊದಲ ಸಲ ಬೇಗನೇ, ಫಿಲ್ಟರ್ ಸಮೇತ ಬದಲಿಸಿ.

ಇಂಜಿನ್ ಏನು ಹೇಳ್ತಿದೆ ಕೇಳಿ

• ನೀಲಿ ಹೊಗೆ: ಆಯಿಲ್ ಸುಡ್ತಿದೆ. ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು.
• ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ: ನೀರು ಸೇರಿದೆ. ಗಾಡಿ ಸ್ಟಾರ್ಟ್ ಮಾಡದೇ ಮೆಕ್ಯಾನಿಕ್‌ನ ಕರೆಸಿ.
• ಆಯಿಲ್ ಮಟ್ಟ ತಾನಾಗೇ ಏರಿ ಡೀಸೆಲ್ ವಾಸನೆ ಬಂದರೆ: ಪಂಪ್ ಅಥವಾ ನಾಝಲ್‌ನಿಂದ ಡೀಸೆಲ್ ಇಳೀತಿದೆ.

ಇದ್ಯಾವುದನ್ನೂ ದಪ್ಪ ಆಯಿಲ್ ರಿಪೇರಿ ಮಾಡೋದಿಲ್ಲ. ಹಾಗಂತ ಮೆಕ್ಯಾನಿಕ್‌ಗಳ ಮಾತು ಪೂರ್ತಿ ಸುಳ್ಳೂ ಅಲ್ಲ. ಇಂಜಿನ್ ಬಿಸಿಯಾದಾಗ ಪ್ರೆಷರ್ ಸ್ವಲ್ಪ ಇಳೀತಿದ್ದು, ಕೈಪಿಡಿಯೂ ಒಪ್ಪಿದ್ರೆ, ಒಂದು ಮೆಟ್ಟಿಲು ದಪ್ಪದ 20ಡಬ್ಲ್ಯೂ-50 ಹಾಕಿ ಒಂದು ಹಂಗಾಮು ದೂಡಬಹುದು. ಆದ್ರೆ ಅದು ಇಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸಿಕೊಳ್ಳೋ ಸಮಯ ಅಂತ ತಿಳ್ಕೊಳ್ಳಿ. ಸುಮ್ಮನೆ ಓಡಿಸ್ತಾ ಹೋದ್ರೆ ರಿಂಗಿಗೆ ಮುಗಿಯೋ ಖರ್ಚು ಕ್ರ್ಯಾಂಕಿಗೆ ಹೋಗುತ್ತೆ, ಅದೂ ಬಿತ್ತನೆಯ ಹದ ಬಂದ ವಾರದಲ್ಲೇ.

ಗಂಟೆ ಮೀಟರ್ ಕೆಟ್ಟಿದ್ಯಾ?

ಹಳೇ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ 250 ಗಂಟೆಗೊಮ್ಮೆ ಆಯಿಲ್ ಬದಲಿಸೋ ಲೆಕ್ಕ ಇರುತ್ತೆ. ಮೀಟರ್ ಕೆಟ್ಟಿದ್ರೆ ಡೀಸೆಲ್ ಲೆಕ್ಕ ಇಡಿ. ನಿಮ್ಮ ಗಾಡಿ ಗಂಟೆಗೆ 4 ಲೀಟರ್ ಕುಡಿದ್ರೆ, 1000 ಲೀಟರ್ ಆದಾಗ 250 ಗಂಟೆ ಆಯ್ತು ಅಂತ ಅರ್ಥ. ಪ್ರತಿ ಸಲ ಡೀಸೆಲ್ ಹಾಕಿಸಿದಾಗ ಮೊಬೈಲ್‌ನಲ್ಲಿ ಬರ್ಕೊಳ್ಳಿ. ಆಯಿಲ್ ಡಬ್ಬಿಯ ಲೇಬಲ್ ಫೋಟೋ, ಬದಲಿಸಿದ ತಾರೀಖು ಅದರ ಜೊತೆಗೇ ಇರಲಿ.

ಏರ್ ಕ್ಲೀನರ್‌ನ ಆಯಿಲ್ ಬಟ್ಟಲನ್ನೂ ಮರೀಬೇಡಿ. ರೋಟವೇಟರ್, ಒಕ್ಕಣೆ ಕೆಲಸದಲ್ಲಿ ಅಲ್ಲಿ ಬೇಗ ಕೆಸರು ಕೂರುತ್ತೆ. ಆ ಧೂಳು ಒಳಗೆ ಹೋದ್ರೆ ಎಂಥ ಆಯಿಲ್ ಹಾಕಿದ್ರೂ ಲೈನರ್ ಉಳಿಯೋಲ್ಲ. ಗೇರ್‌ಬಾಕ್ಸ್‌ಗೆ, ಆಯಿಲ್ ಬ್ರೇಕ್‌ಗೆ ಬೇರೆಯೇ ಆಯಿಲ್ ಉಂಟು, ಇಂಜಿನ್ ಆಯಿಲ್ ಅಲ್ಲಿಗೆ ಬೇಡ.

ಲೂಸ್ ಆಯಿಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಸೀಲ್ ಇರೋ ಡಬ್ಬಿ, ಬಿಲ್ ಸಮೇತ ತನ್ನಿ. ಖಾಲಿ ಡಬ್ಬಿಗೆ ತೂತು ಮಾಡಿ ಬಿಸಾಕಿ, ಇಲ್ಲಾಂದ್ರೆ ಅದರಲ್ಲೇ ನಕಲಿ ತುಂಬಿ ಮಾರೋರಿದ್ದಾರೆ. ಸುಟ್ಟ ಆಯಿಲನ್ನು ಬದುವಿಗೆ, ಬಾವಿ ಪಕ್ಕ ಚೆಲ್ಲದೇ ಕ್ಯಾನಿನಲ್ಲಿ ಕೂಡಿಟ್ಟು, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ.

ಮುಂದಿನ ಸಲ ಅಂಗಡಿಯವರು "ಯಾವ ಕಂಪನಿದು ಕೊಡ್ಲಿ?" ಅಂತ ಕೇಳಿದ್ರೆ, ಮೊದಲು ಗ್ರೇಡ್ ಹೇಳಿ. ಕಂಪನಿ ಹೆಸರು ಆಮೇಲೆ.