ನಗರಸಭೆ ಕಟ್ಟಡದ ಸರದಿ ಯಾವಾಗ?

ಜಪಾನಿನ ಕ್ಯುಶು ದ್ವೀಪದ ಕುಮಾಮೊಟೊ ಪ್ರಾಂತ್ಯದಲ್ಲಿ ಉಟೊ ಎಂಬ ಪುಟ್ಟ ನಗರವಿದೆ. ಜನಸಂಖ್ಯೆ ಸುಮಾರು 37 ಸಾವಿರ. ನಮ್ಮ ಲೆಕ್ಕದಲ್ಲಿ ಅದು ಪುರಸಭೆಯ ಊರು. 2016ರ ಏಪ್ರಿಲ್ 14ರ ರಾತ್ರಿ ಅಲ್ಲಿ 6.5 ತೀವ್ರತೆಯ ಭೂಕಂಪವಾಯಿತು. ದೊಡ್ಡದು ಬಂದು ಹೋಯಿತು ಎಂದು ಜನ ಅಂದುಕೊಂಡಿರುವಾಗಲೇ 16ರ ನಡುರಾತ್ರಿ ಕಳೆದು 1.25ಕ್ಕೆ 7.3 ತೀವ್ರತೆಯ ಇನ್ನೊಂದು ಕಂಪನ ಬಂತು. 1965ರಲ್ಲಿ ಕಟ್ಟಿದ್ದ ಐದು ಅಂತಸ್ತಿನ ನಗರಾಡಳಿತ ಭವನದ ನಾಲ್ಕನೇ ಅಂತಸ್ತು ತನ್ನ ಮೇಲಿನ ಭಾರ ತಾಳಲಾರದೆ ಜಜ್ಜಿಹೋಯಿತು. ಕಿಟಕಿಗಳಿದ್ದ ಜಾಗದಲ್ಲಿ ಬಾಗಿದ ಕಂಬಿ, ಒಡೆದ ಕಾಂಕ್ರೀಟು. ಕಟ್ಟಡ ಪೂರ್ತಿ ಬೀಳದಿದ್ದರೂ ಮತ್ತೆ ಯಾರೂ ಒಳಗೆ ಹೋಗಿ ಕೆಲಸ ಮಾಡುವಂತಿರಲಿಲ್ಲ.

ಕಚೇರಿಯ ವೇಳೆಯಲ್ಲಿ ಇದಾಗಿದ್ದರೆ ಏನಾಗುತ್ತಿತ್ತು ಎಂದು ಯಾರು ಬೇಕಾದರೂ ಊಹಿಸಬಲ್ಲರು. ಪ್ರಾಣ ಉಳಿಯಿತು, ಆದರೆ ಆಡಳಿತ ಬೀದಿಗೆ ಬಂತು. ಅಲ್ಲಿನ ಕಾನೂನಿನ ಪ್ರಕಾರ, ಭೂಕಂಪದಲ್ಲಿ ಮನೆ ಹಾಳಾದವರಿಗೆ ಹಾನಿಯ ಪ್ರಮಾಣಪತ್ರ ಕೊಡಬೇಕಾದದ್ದು ಸ್ಥಳೀಯ ಸಂಸ್ಥೆಯೇ. ಪರಿಹಾರಧನ, ತಾತ್ಕಾಲಿಕ ವಸತಿ, ತೆರಿಗೆ ವಿನಾಯಿತಿ ಎಲ್ಲದಕ್ಕೂ ಆ ಕಾಗದವೇ ಆಧಾರ. ಊರಿನವರೆಲ್ಲ ಒಟ್ಟಿಗೆ ನಗರಾಡಳಿತದ ಬಾಗಿಲಿಗೆ ಬರಬೇಕಾದ ವಾರದಲ್ಲಿ ಆ ಬಾಗಿಲೇ ಇಲ್ಲವಾಯಿತು. ಹೊಸ ಭವನ ಬಳಕೆಗೆ ಬಂದದ್ದು 2023ರ ಮೇ ತಿಂಗಳಲ್ಲಿ. ನಡುವಿನ ಏಳು ವರ್ಷ ಊರಿನ ಆಡಳಿತ ತಾತ್ಕಾಲಿಕ ಕಟ್ಟಡಗಳಲ್ಲೇ ನಡೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಉಟೊ ನಗರಕ್ಕೆ ತನ್ನ ಕಟ್ಟಡದ ಸ್ಥಿತಿ ಮೊದಲೇ ಗೊತ್ತಿತ್ತು. ಭೂಕಂಪ ತಾಳುವ ಶಕ್ತಿ ಅದಕ್ಕೆ ಸಾಲದೆಂಬ ಅರಿವಿತ್ತು, ಹೊಸದಾಗಿ ಕಟ್ಟುವ ಮಾತುಕತೆಯೂ ನಡೆದಿತ್ತು. ಜಪಾನ್ 1981ರ ಜೂನ್‌ನಲ್ಲಿ ಕಟ್ಟಡ ನಿಯಮಗಳನ್ನು ಬಿಗಿಗೊಳಿಸಿತು. ಅದಕ್ಕಿಂತ ಮೊದಲಿನ ಕಟ್ಟಡಗಳನ್ನು ತಜ್ಞರು ಲೆಕ್ಕಹಾಕಿ ನೋಡುತ್ತಾರೆ. 'ಐಎಸ್' ಎಂಬ ಸೂಚ್ಯಂಕ 0.6ಕ್ಕಿಂತ ಕಡಿಮೆ ಬಂದರೆ ದೊಡ್ಡ ಕಂಪನದಲ್ಲಿ ಕುಸಿಯುವ ಅಪಾಯವಿದೆ ಎಂದರ್ಥ. ಇಷ್ಟು ಸ್ಪಷ್ಟ ಅಳತೆಗೋಲಿದ್ದ ದೇಶದಲ್ಲೂ ಕುಮಾಮೊಟೊ ಭೂಕಂಪದಿಂದ ಉಟೊ, ಯತ್ಸುಶಿರೊ, ಹಿತೊಯೊಶಿ, ಒಝು, ಮಶಿಕಿ ಎಂಬ ಐದು ಊರುಗಳ ಆಡಳಿತ ತಮ್ಮ ಮುಖ್ಯ ಕಚೇರಿಯನ್ನು ಬಿಟ್ಟು ಹೊರಗೆ ಬರಬೇಕಾಯಿತು.

ಗೊತ್ತಿದ್ದೂ ಏಕೆ ತಡವಾಗುತ್ತದೆ? ಕಾರಣ ಸೋಮಾರಿತನವೆಂದು ನನಗನಿಸುವುದಿಲ್ಲ. ಜಪಾನಿನಲ್ಲಿ ಶಾಲೆಯನ್ನು ಬಲಪಡಿಸಲು ಕೇಂದ್ರ ಸರ್ಕಾರದ ಸಹಾಯಧನ ಸಿಗುತ್ತದೆ, ನಗರಾಡಳಿತ ಭವನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅದನ್ನು ಊರಿನವರೇ ವರ್ಷವರ್ಷ ಕೂಡಿಟ್ಟ ನಿಧಿಯಿಂದ, ಸಾಲದಿಂದ ಕಟ್ಟಿಕೊಳ್ಳಬೇಕು. ಶತಮಾನದ ಆರಂಭದಲ್ಲಿ ಅಲ್ಲಿ ಊರುಗಳನ್ನು ಒಂದುಗೂಡಿಸುವ ದೊಡ್ಡ ಅಲೆ ಎದ್ದಾಗ, ಒಂದಾದ ಊರುಗಳಿಗೆ ಅನುಕೂಲಕರ ಷರತ್ತಿನ ವಿಶೇಷ ಸಾಲಪತ್ರದ ಸೌಲಭ್ಯ ಸಿಕ್ಕಿತು. ಹಲವು ಊರುಗಳು ಆ ಹಣದಲ್ಲಿ ಹೊಸ ಭವನ ಕಟ್ಟಿದವು. ಉಟೊ ಯಾರೊಂದಿಗೂ ವಿಲೀನವಾಗದೆ ಸ್ವತಂತ್ರವಾಗಿ ಉಳಿಯಿತು, ಹಾಗಾಗಿ ಆ ದಾರಿ ಅದಕ್ಕೆ ಇರಲಿಲ್ಲ. ಭೂಕಂಪವಾದ ಮೇಲೆ, 2017ರಲ್ಲಿ, 1981ಕ್ಕೆ ಮೊದಲಿನ ದುರ್ಬಲ ಭವನಗಳನ್ನು ಬದಲಿಸಲೆಂದೇ ಕೇಂದ್ರ ಸರ್ಕಾರ ಹೊಸ ಸಾಲ ಯೋಜನೆಯೊಂದನ್ನು ತಂದಿತು. ಖರ್ಚಿನ ಶೇ 90ರವರೆಗೆ ಸಾಲ ಎತ್ತಬಹುದಿತ್ತು, ಮರುಪಾವತಿಯ ಒಂದು ಪಾಲನ್ನು ಕೇಂದ್ರವೇ ಹೊರುತ್ತಿತ್ತು.

ಹಣದಷ್ಟೇ ಗಟ್ಟಿಯಾದ ಇನ್ನೊಂದು ಕಾರಣ ಸಂಕೋಚ. ಶಾಲೆಯ ಚಾವಣಿ ಸೋರುತ್ತಿರುವಾಗ, ಬೀದಿಯಲ್ಲಿ ನೀರು ಬಾರದಿರುವಾಗ, ತಮ್ಮ ಕಚೇರಿಗೆ ಕೋಟಿಗಟ್ಟಲೆ ಹಣ ಇಡಿ ಎಂದು ಕೇಳಲು ಯಾವ ಜನಪ್ರತಿನಿಧಿಗೂ ಬಾಯಿ ಬರುವುದಿಲ್ಲ. ಕೇಳಿದರೆ ಜನ ಒಪ್ಪುವುದೂ ಕಷ್ಟ. ನೋಡುವುದಕ್ಕೆ ಇದು ತ್ಯಾಗದಂತೆಯೇ ಇರುತ್ತದೆ. ಹಾಗೆಂದೇ ನಗರಸಭೆಯ ಕಟ್ಟಡ ಸರದಿಯ ಕೊನೆಯಲ್ಲಿ ನಿಲ್ಲುತ್ತದೆ, ಪ್ರತಿವರ್ಷ ಅದರ ಮುಂದೆ ಹೊಸಬರು ಬಂದು ನಿಲ್ಲುತ್ತಾರೆ. ಆದರೆ ಆ ಶಾಲೆ, ಆ ನೀರು, ಆ ರಸ್ತೆ ಎಲ್ಲವನ್ನೂ ನಡೆಸುವ ಕೈಗಳು ಅದೇ ಕಟ್ಟಡದೊಳಗೆ ಇವೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಅತ್ಯಂತ ಕ್ರೂರ ರೂಪವನ್ನು ಕಂಡದ್ದು ಉತ್ತರ ಜಪಾನಿನ ಒಟ್ಸುಚಿ ಎಂಬ ಕರಾವಳಿ ಪಟ್ಟಣ. ಅಲ್ಲಿನ ಆಡಳಿತ ಕಚೇರಿ 1950ರ ದಶಕದ ಎರಡಂತಸ್ತಿನ ಕಟ್ಟಡ. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ, ಮರುಕಂಪನಕ್ಕೆ ಕಟ್ಟಡ ಕುಸಿದೀತೆಂಬ ಭಯದಿಂದ ಅಧಿಕಾರಿಗಳು ಹೊರಗಿನ ಅಂಗಳದಲ್ಲೇ ಮೇಜು ಹಾಕಿಕೊಂಡು ತುರ್ತು ಕೇಂದ್ರ ತೆರೆಯಲು ಮುಂದಾದರು. ಸುನಾಮಿ ಅಲ್ಲಿಗೇ ಬಂತು. ಮೇಯರ್ ಕಟೊ ಕೊಕಿ ಅವರೂ ಸೇರಿ ಹಲವು ಸಿಬ್ಬಂದಿ ತೀರಿಕೊಂಡರು. ಪಟ್ಟಣದ ಕುಟುಂಬ ನೋಂದಣಿಯ ಮೂಲ ದಾಖಲೆಗಳೂ ನಾಶವಾದವು. ಯಾರು ಯಾರ ಮಗ, ಯಾರ ಹೆಂಡತಿ ಎಂಬ ಕಾನೂನು ದಾಖಲೆ ಮತ್ತೆ ಕೂಡಿಬಂದದ್ದು ಕೇಂದ್ರ ಕಾನೂನು ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ಅದರ ಪ್ರತಿಯೊಂದು ಇದ್ದುದರಿಂದ.

ಕರ್ನಾಟಕದ ಓದುಗರು ಕೇಳಬಹುದು: ನಮಗೆ ಇಲ್ಲಿ ಸುನಾಮಿಯೂ ಇಲ್ಲ, ಜಪಾನಿನಂಥ ಭೂಕಂಪವೂ ಇಲ್ಲ, ಈ ಕತೆ ಏಕೆ? ಪ್ರಶ್ನೆ ಸರಿಯಾದದ್ದೇ. ನಮ್ಮ ರಾಜ್ಯದ ಬಹುಭಾಗದಲ್ಲಿ ಭೂಕಂಪದ ಅಪಾಯ ಕಡಿಮೆ. ನಮ್ಮ ಕಟ್ಟಡಗಳ ವೈರಿ ನೀರು. ಅದು ಒಂದೇ ರಾತ್ರಿ ಕೆಡವದೆ ಪ್ರತಿ ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪ ತಿನ್ನುತ್ತದೆ.

ಇದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಬಹಳಷ್ಟು ಸಣ್ಣ ಊರುಗಳಲ್ಲಿ ನಗರಸಭೆ, ಪುರಸಭೆಗಳಿರುವುದು ಕೆಲವು ದಶಕಗಳ ಹಿಂದಿನ ಆರ್‌ಸಿಸಿ ಕಟ್ಟಡಗಳಲ್ಲಿ. ಆರ್‌ಸಿಸಿ ಎಂದರೆ ಕಾಂಕ್ರೀಟು ಮತ್ತು ಅದರೊಳಗಿನ ಕಬ್ಬಿಣದ ಕಂಬಿ. ಹೊಸ ಕಾಂಕ್ರೀಟಿನಲ್ಲಿ ಕ್ಷಾರಗುಣ ಹೆಚ್ಚಿರುವುದರಿಂದ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಇಳಿಯುತ್ತ ಆ ಕ್ಷಾರಗುಣವನ್ನು ಕಡಿಮೆ ಮಾಡುತ್ತದೆ. ಅದು ಕಂಬಿಯನ್ನು ಮುಟ್ಟಿದ ಮೇಲೆ, ತೇವವೂ ಸಿಕ್ಕರೆ, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಅದು ಒಳಗಿಂದ ಒತ್ತುವುದರಿಂದ ಚಾವಣಿಯ ಅಡಿಭಾಗ ಬಿರುಕು ಬಿಡುತ್ತದೆ, ಚಕ್ಕೆಚಕ್ಕೆಯಾಗಿ ಉದುರುತ್ತದೆ, ಕಂಬಿ ಹೊರಗೆ ಕಾಣುತ್ತದೆ. ಆಗ ನಾವು ಮಾಡುವುದೇನು? ಸಿಮೆಂಟು ಮೆತ್ತಿ ಸುಣ್ಣಬಣ್ಣ ಬಳಿಯುತ್ತೇವೆ. ತುಕ್ಕು ಹಿಡಿದ ಕಂಬಿಯನ್ನು ಸ್ವಚ್ಛಗೊಳಿಸದೆ, ಸೋರಿಕೆ ನಿಲ್ಲಿಸದೆ ಮೆತ್ತಿದ ಪ್ಲಾಸ್ಟರ್ ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಮುಂದೆ ಬರುವ ಎಂಜಿನಿಯರಿಗೂ ಅದು ಕಾಣದಂತಾಗುತ್ತದೆ.

ಹಳೆಯ ನಿಯಮಗಳೂ ಇಂದಿನಷ್ಟು ಬಿಗಿಯಾಗಿರಲಿಲ್ಲ. 1978ರ ಭಾರತೀಯ ಸಂಹಿತೆಯು ಆರ್‌ಸಿಸಿಗೆ ಎಂ15 ದರ್ಜೆಯ ಕಾಂಕ್ರೀಟನ್ನು ಒಪ್ಪುತ್ತಿತ್ತು. 2000ದ ಪರಿಷ್ಕರಣೆ ಕನಿಷ್ಠ ಎಂ20 ಬೇಕೆಂದಿತು. ಭಾರದ ವಿಷಯ ಬೇರೆಯೇ ಇದೆ. ಕಡತಗಳನ್ನು ಪ್ರತ್ಯೇಕ ಕೋಣೆಯಲ್ಲಿಡುವ ಕಚೇರಿಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 250 ಕಿಲೋ ತಾಳುವಂತೆ ವಿನ್ಯಾಸ ಮಾಡಬೇಕೆನ್ನುತ್ತದೆ ಸಂಹಿತೆ. ಕಡತದ ಕೋಣೆಯ ನೆಲ ಸುಮಾರು 500 ಕಿಲೋ ತಾಳಬೇಕು. ನಮ್ಮ ನಗರಸಭೆಗಳಲ್ಲಿ ದಾಖಲೆ ಕೊಠಡಿ ತುಂಬಿ, ಕಬ್ಬಿಣದ ಬೀರುಗಳು ಮೊಗಸಾಲೆಗೆ, ಅಲ್ಲಿಂದ ಗುಮಾಸ್ತರ ಮೇಜಿನ ಹಿಂದಕ್ಕೆ ಬಂದಿರುತ್ತವೆ. ಆ ನೆಲ ಇಷ್ಟು ತೂಕಕ್ಕೆಂದು ಹುಟ್ಟಿದ್ದೇ ಅಲ್ಲ. ಮೇಲೆ ನೀರಿನ ಟ್ಯಾಂಕು, ಆಮೇಲೆ ಕಟ್ಟಿದ ಹೆಚ್ಚುವರಿ ಮಹಡಿ, ಅದರ ಮೇಲೆ ಸೋರಿಕೆ ತಡೆಯಲು ಹೊದಿಸಿದ ಶೀಟು. ಒಂದೊಂದನ್ನೂ ಆಯಾ ಕಾಲದ ಅಗತ್ಯಕ್ಕೆಂದು ಸೇರಿಸಿದ್ದು. ಒಟ್ಟು ಭಾರವನ್ನು ಮಾತ್ರ ಯಾರೂ ಕೂಡಿ ನೋಡಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಕೆಡವಿ ಎಂದು ನಾನು ಹೇಳುತ್ತಿಲ್ಲ. ಮೈಸೂರಿನ ಪಾಲಿಕೆಗೆ ಸೇರಿದ ಎರಡು ಕಟ್ಟಡಗಳು ಇದಕ್ಕೆ ದೊಡ್ಡ ಪಾಠ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಇವೆರಡನ್ನೂ ಕೆಡವಿ ಅದೇ ರೂಪದಲ್ಲಿ ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬಹುದೆಂದು ಪಾರಂಪರಿಕ ತಜ್ಞರ ಇನ್ನೊಂದು ಪಕ್ಷ. ವಾದ ವರ್ಷಗಟ್ಟಲೆ ನಡೆದು ಹೈಕೋರ್ಟಿನ ಮೆಟ್ಟಿಲೇರಿತು. ಇಂಥ ಸುಣ್ಣದ ಗಾರೆ ಮತ್ತು ಇಟ್ಟಿಗೆಯ ದಪ್ಪ ಗೋಡೆಗಳ ಕಟ್ಟಡ ಬೇರೆ ಜಾತಿಯದು. ಅದರಲ್ಲಿ ತುಕ್ಕು ಹಿಡಿಯುವ ಕಂಬಿ ಇಲ್ಲ ಅಥವಾ ಬಹಳ ಕಡಿಮೆ. ಗಾರೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಚಾವಣಿಯ ನೀರನ್ನು ಸರಿಯಾಗಿ ಹೊರಗೆ ಹರಿಸಿ, ಬೇರುಬಿಟ್ಟ ಅರಳಿ ಸಸಿಗಳನ್ನು ಕಿತ್ತು, ಗಾರೆಗೆ ಗಾರೆಯಿಂದಲೇ ದುರಸ್ತಿ ಮಾಡುತ್ತಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಶತಮಾನ ದಾಟಿದ ಗಾರೆ ಕಟ್ಟಡ ಗಟ್ಟಿಯಾಗಿದ್ದು, ಪಕ್ಕದಲ್ಲಿ 1980ರಲ್ಲಿ ಎದ್ದ ಕಾಂಕ್ರೀಟ್ ವಿಭಾಗ ಉದುರುತ್ತಿರುವುದು ಅಚ್ಚರಿಯ ವಿಷಯವಲ್ಲ. ವಯಸ್ಸೊಂದನ್ನೇ ನೋಡಿ ತೀರ್ಮಾನಿಸಬಾರದು. ನಿರ್ವಹಣೆಯನ್ನು ದಶಕಗಟ್ಟಲೆ ಮರೆತು, ಕೊನೆಗೆ 'ಶಿಥಿಲ' ಎಂಬ ಹಣೆಪಟ್ಟಿ ಹಚ್ಚಿ ಕೆಡವುವ ದಾರಿ ನನಗೆ ಅನ್ಯಾಯವೆನಿಸುತ್ತದೆ.

ಆದ್ದರಿಂದ ಮೊದಲು ಆಗಬೇಕಾದದ್ದು ಪರೀಕ್ಷೆ. ಕಾಂಕ್ರೀಟಿನ ಮೇಲ್ಮೈ ಗಡಸುತನವನ್ನು ಬಡಿದು ಅಳೆಯುವ ಸುತ್ತಿಗೆ, ಒಳಗಿನ ಟೊಳ್ಳು ಹುಡುಕುವ ಧ್ವನಿ ತರಂಗ, ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯದಲ್ಲಿ ಒತ್ತಿ ನೋಡುವುದು, ಕಂಬಿಯ ತುಕ್ಕನ್ನು ವಿದ್ಯುತ್ ಅಳತೆಯಿಂದ ಅಂದಾಜಿಸುವುದು. ಇವೆಲ್ಲ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೂ ಗೊತ್ತಿರುವ ವಿಧಾನಗಳು. ಹೊಸ ಕಟ್ಟಡದ ವೆಚ್ಚದ ಮುಂದೆ ಇದರ ಖರ್ಚು ಬಹಳ ಸಣ್ಣದು. ಈ ವರದಿ ಇಲ್ಲದೆ ಗುದ್ದಲಿಪೂಜೆ ಮಾಡುವುದೂ ತಪ್ಪು, ಈ ವರದಿ ಇಲ್ಲದೆ 'ಇನ್ನೂ ಹತ್ತು ವರ್ಷ ನಡೆಯುತ್ತದೆ' ಎನ್ನುವುದೂ ತಪ್ಪು.

ಕಟ್ಟಡ ಗಟ್ಟಿಯಿದ್ದ ಮಾತ್ರಕ್ಕೆ ಕೆಲಸಕ್ಕೆ ಬರುತ್ತದೆಂದೂ ಹೇಳಲಾಗದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ನಿಯಮಗಳು ಜಾರಿಯಾದ ಐದು ವರ್ಷದೊಳಗೆ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ಅವರು ಬಳಸುವಂತೆ ಮಾಡಬೇಕೆಂದಿತ್ತು. ನಿಯಮಗಳು ಬಂದದ್ದು 2017ರಲ್ಲಿ. ಆ ಗಡುವು ಮುಗಿದು ವರ್ಷಗಳಾದವು. ಖಾತೆಯ ಕೆಲಸಕ್ಕೆ ಬಂದ ಅಜ್ಜಿ ಇಂದಿಗೂ ಕಂದಾಯ ವಿಭಾಗಕ್ಕೆ ಮೊದಲ ಮಹಡಿ ಹತ್ತಬೇಕಾದ ಊರುಗಳಿವೆ. ಬೆಳಗಿನ ಜಾವ ಬೀದಿ ಗುಡಿಸಿ ಬಂದ ಪೌರಕಾರ್ಮಿಕ ಮಹಿಳೆಗೆ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಕುಳಿತು ತಿಂಡಿ ತಿನ್ನಲು ಒಂದು ಕೋಣೆ ಎಷ್ಟು ನಗರಸಭೆಗಳಲ್ಲಿದೆ? ಹೊಸ ಕಟ್ಟಡದ ನಕ್ಷೆ ಬಂದಾಗ ನಾನು ಅಧ್ಯಕ್ಷರ ಕೊಠಡಿಗಿಂತ ಮೊದಲು ಆ ಕೋಣೆಯನ್ನೇ ಹುಡುಕುತ್ತೇನೆ.

ದಾಖಲೆಗಳ ಮಾತು ಇನ್ನೂ ಗಂಭೀರ. ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿ ಸೇರಲು, ಚಾಲನಾ ಪರವಾನಗಿ ಪಡೆಯಲು ಹುಟ್ಟಿದ ದಿನ, ಸ್ಥಳಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಹೊಸ ನೋಂದಣಿ ಕಂಪ್ಯೂಟರಿನಲ್ಲಿದೆ, ಸರಿ. ಹಳೆಯ ವಹಿಗಳು, ಆಸ್ತಿಯ ಪುಸ್ತಕಗಳು, ಲೇಔಟ್ ನಕ್ಷೆಗಳು ಎಷ್ಟೋ ಕಡೆ ಇನ್ನೂ ಕಾಗದದಲ್ಲೇ, ತೇವ ಹಿಡಿದ ಗೋಡೆಗೆ ಒರಗಿಕೊಂಡೇ ಇವೆ. ಹೊಸ ಕಟ್ಟಡಕ್ಕೆ ಹತ್ತು ವರ್ಷ ಕಾಯಬೇಕಾದರೂ ಈ ವಹಿಗಳನ್ನು ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡುವುದಕ್ಕೆ ಕಾಯಬೇಕಿಲ್ಲ. ಒಟ್ಸುಚಿಯನ್ನು ಉಳಿಸಿದ್ದು ಅದೇ.

ಇನ್ನು ಹಣ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಸಣ್ಣ ನಗರಗಳಿಗೆ ಬಂದ ಅನುದಾನದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ್ದು. ಅದು ಸರಿಯಾದ ಆದ್ಯತೆಯೇ. ಉಳಿದ ಭಾಗದ ಮೇಲೆ ನೂರು ಬೇಡಿಕೆ. ಹೀಗಾಗಿ ಹಲವು ಊರುಗಳು ಹಿಡಿಯುವ ಸುಲಭದ ದಾರಿ, ನೆಲಮಹಡಿಯನ್ನು ಮಳಿಗೆಗಳಿಗೆ ಬಾಡಿಗೆಗೆ ಕೊಟ್ಟು ಕಚೇರಿಯನ್ನು ಮೇಲೆ ಕಟ್ಟುವುದು. ಬಾಡಿಗೆ ಬರುತ್ತದೆ ನಿಜ, ಆದರೆ ಜನ ದಿನವೂ ಬರಬೇಕಾದ ಕಿಟಕಿಗಳು ಮೆಟ್ಟಿಲಿನ ಮೇಲಕ್ಕೆ ಹೋಗುತ್ತವೆ. ಮಳಿಗೆಯನ್ನು ಮೇಲಕ್ಕೋ ಪಕ್ಕಕ್ಕೋ ಕಳಿಸಿ, ಜನರ ಕಿಟಕಿಯನ್ನು ಕೆಳಗೆ ಉಳಿಸಿಕೊಳ್ಳಬೇಕು. ಊರ ಹೊರಗೆ ಅಗ್ಗದ ಜಾಗ ಸಿಗುತ್ತದೆಂದು ಬೈಪಾಸಿನ ಬದಿಗೆ ಕಚೇರಿ ಸಾಗಿಸುವುದನ್ನೂ ನಾನು ಒಪ್ಪಲಾರೆ. ಕಟ್ಟುವವರಿಗೆ ಉಳಿಯುವ ಹಣವನ್ನು ಜನ ಆಟೋ ಬಾಡಿಗೆಯಾಗಿ ವರ್ಷಗಟ್ಟಲೆ ತೆರುತ್ತಾರೆ.

ನಾವು ಜಪಾನಿನಿಂದ ತರಬೇಕಾದದ್ದು ಊರುಗಳು ಭವನಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿ ವರ್ಷವರ್ಷ ಕೂಡಿಡುವ ಆ ನಿಧಿಯ ಪದ್ಧತಿ. ಆಸ್ತಿ ತೆರಿಗೆ ಮತ್ತು ಮಳಿಗೆ ಬಾಡಿಗೆಯ ಒಂದು ಸಣ್ಣ ಪಾಲನ್ನು ಹಾಗೆ ತೆಗೆದಿಟ್ಟರೆ, ಪರೀಕ್ಷಾ ವರದಿ 'ಬದಲಿಸಿ' ಎಂದ ದಿನ ಊರಿನ ಕೈ ಬರಿದಾಗಿರುವುದಿಲ್ಲ. ರಾಜ್ಯ ಸರ್ಕಾರದ ಮುಂದೆ ಅನುದಾನ ಕೇಳುವಾಗಲೂ ತನ್ನ ಪಾಲು ತೋರಿಸಬಹುದು. ವರದಿ 'ದುರಸ್ತಿ ಸಾಕು' ಎಂದರೆ ಅದೇ ಹಣ ದುರಸ್ತಿಗೆ ಆಯಿತು.

ಪ್ರತಿವರ್ಷ ನಗರಸಭೆಗಳು ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತವೆ. ಹೋದವರು ತಮ್ಮ ಬೀದಿಯ ದೀಪ, ಚರಂಡಿಗಳ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ಅದರ ಜೊತೆಗೆ ಈ ಮೂರನ್ನೂ ಪೌರಾಯುಕ್ತರಿಗೆ ಕೇಳಿ: ನೀವು ಕುಳಿತಿರುವ ಈ ಕಟ್ಟಡದ ಬಲವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ವರ್ಷ, ಆ ವರದಿ ಎಲ್ಲಿದೆ, ಹಳೆಯ ವಹಿಗಳ ಇನ್ನೊಂದು ಪ್ರತಿ ಯಾವ ಊರಿನಲ್ಲಿದೆ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು.